ಮಳೆಗೆ ಮೊದಲಿನ ಕೊನೆಯ ಹೆಂಚು

ಮೃಗಶಿರಾ ಹುಟ್ಟಲು ಎರಡೇ ದಿನವಿತ್ತು. ಗೋವಾದಲ್ಲಿ, ಮಡಗಾಂವಿನ ಆಚೆ, ಚಾಂದೋರಿನ ನಮ್ಮ ಹಳೆಯ ಮನೆಯ ಮಾಡಿನ ಮೇಲೆ ಗೌಂಡಿ ಕುಳಿತಿದ್ದರು. ಕೆಳಗೆ ನಾನು ಹಳೆಯ ಹೆಂಚುಗಳನ್ನು ತೊಳೆದು ಏಣಿಯ ಮೇಲಿದ್ದ ಹುಡುಗನಿಗೆ ಕೊಡುತ್ತಿದ್ದೆ. ಪಾಚಿ ಉಜ್ಜಿದಾಗ ಒಂದರ ಅಡಿಯಲ್ಲಿ ಅಕ್ಷರ ಮೂಡಿತು: ಬಾಸೆಲ್ ಮಿಷನ್, 1865, ಮಂಗಳೂರು. ಅದು ಆ ಮಿಷನರಿಗಳ ಹೆಂಚಿನ ಕಾರ್ಖಾನೆ ಹುಟ್ಟಿದ ವರ್ಷ, ಹೆಂಚಿನ ವಯಸ್ಸಲ್ಲ. ಆದರೂ ಕೈ ನಿಂತುಹೋಯಿತು. 1961ರ ಡಿಸೆಂಬರ್‌ವರೆಗೆ ಈ ಊರು ಪೋರ್ಚುಗೀಸರದು, ನಮ್ಮವರಿಗೆ ಪರದೇಶ. ನಾನು ಧಾರವಾಡ ಬಿಟ್ಟು ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಕರಾವಳಿಯ ಜೇಡಿಮಣ್ಣು ಗಡಿ ದಾಟಿ ಬಂದು ಇಲ್ಲಿ ಬೇರೆಯವರ ತಲೆ ಕಾಯುತ್ತಿತ್ತು!

ಮನೆ ಕೊಂಡ ವರ್ಷ ಮೊದಲ ಗುತ್ತಿಗೆದಾರ ಚಿರೇಕಲ್ಲಿನ ಗೋಡೆಗೆ ಸಿಮೆಂಟು ಮೆತ್ತಿಸಿದ್ದ. ಒಂದೇ ಮಳೆಗಾಲ. ಕಲ್ಲು ಕುಡಿದ ನೀರಿಗೆ ಹೊರಬರುವ ದಾರಿಯಿಲ್ಲದೆ ಗಿಲಾವು ಹಪ್ಪಳದಂತೆ ಉಬ್ಬಿ ಕಳಚಿತು. ಅಂದು ನಾನು ಅತ್ತಿದ್ದೆ. ಆಮೇಲೆ ಬಂದ ಬಾಗಲಕೋಟೆ ಕಡೆಯ ಈ ಗೌಂಡಿ ಗೋಡೆಗೆ ಅಂಗೈ ಒತ್ತಿ, "ಅಕ್ಕಾ, ಕಲ್ಲು ಗಟ್ಟಿಯಾಗಿದೆ. ಮೇಲಿನದನ್ನಷ್ಟೇ ಕಿತ್ತುಹಾಕೋಣ" ಎಂದರು. ಹಿತ್ತಲಿನ ಗುಂಡಿಯಲ್ಲಿ ಸುಣ್ಣ ತಿಂಗಳುಗಟ್ಟಲೆ ನೆನೆಯಿತು. ಮರಳು, ಬೆಲ್ಲದ ನೀರು ಬೆರೆಸಿ ಗಾರೆ ಕಲಸುವಾಗ ಅಂಗಳವೆಲ್ಲ ಹೋಳಿಗೆಯ ಹೂರಣದ ವಾಸನೆ. ಇರುವೆಗಳ ಸಾಲೂ ಬಂತು. ತೆಳುವಾಗಿ ಒಂದು ಪದರ, ಕಾಯುವುದು, ಮತ್ತೊಂದು ಪದರ. ಆತುರಪಡಿಸಿದರೆ ಅವರು ಕರಣೆ ಕೆಳಗಿಟ್ಟು ಸುಮ್ಮನೆ ಕುಳಿತುಬಿಡುತ್ತಿದ್ದರು. ಅವರು ಮಾಡಿದ್ದೇ ಸರಿ.

ಕಿಟಕಿಗಳಿಗೆ ಗಾಜಿಲ್ಲ. ಅಂಗೈಯಗಲದ, ಹಾಲುಬಣ್ಣದ ಚಿಪ್ಪುಗಳನ್ನು ಮರದ ಪಟ್ಟಿಗಳ ನಡುವೆ ಸಿಕ್ಕಿಸಿದ್ದಾರೆ; ಮಧ್ಯಾಹ್ನದ ಬಿಸಿಲೂ ಒಳಗೆ ಬೆಳದಿಂಗಳಾಗುತ್ತದೆ. ಒಡೆದ ಮೂರು ಕಿಟಕಿಗಳ ಚಿಪ್ಪು ಕೂಡಿಸಿ ಎರಡನ್ನು ಇಡಿಯಾಗಿಸಿದೆವು. ಮೂರನೆಯದಕ್ಕೆ ಗಾಜು ಹಾಕಿಸಬೇಕಾಯಿತು. ಅದೊಂದು ನನಗೆ ಇಂದಿಗೂ ಒಪ್ಪಿಗೆಯಿಲ್ಲ.

ಅಕ್ಷರದ ಹೆಂಚನ್ನು ಕೊನೆಗೆಂದು ತೆಗೆದಿಟ್ಟೆ. ಬಾಗಿಲ ಮುಂದಿನ ಬಲ್ಕಾಂವಿನ, ಅಂದರೆ ಮುಖಮಂಟಪದ, ಕಲ್ಲುಕಟ್ಟೆಯ ಮೇಲೆ ಕುಳಿತವರು ಕತ್ತೆತ್ತಿದರೆ ಕಾಣುವಂತೆ ಗೌಂಡಿ ಅದನ್ನು ಹೊದಿಸಿದರು.

ಮೂರನೆಯ ರಾತ್ರಿ ಮಳೆ ಸುರಿಯಿತು. ಬ್ಯಾಟರಿ ಹಿಡಿದು ನಾವು ಮನೆಯವರಿಬ್ಬರೂ ಕೋಣೆಯಿಂದ ಕೋಣೆಗೆ ಮಾಡು ನೋಡುತ್ತ ನಡೆದೆವು. ಅಡುಗೆಮನೆಯ ಮೂಲೆಯಲ್ಲಿ ಹನಿ ಬೀಳುತ್ತಿತ್ತು. ತಂಬಿಗೆ ಇಟ್ಟು ಗೌಂಡಿಗೆ ಫೋನ್ ಮಾಡಿದೆ.

"ಎಷ್ಟು ಕಡೆ ಸೋರುತ್ತಿದೆ?"

"ಒಂದೇ ಕಡೆ ಅಣ್ಣಾ."

"ಬೆಳಿಗ್ಗೆ ಬರುತ್ತೇನೆ. ಅಲ್ಲಿಯವರೆಗೆ ಹೆಂಚು ಮುಟ್ಟಬೇಡಿ" ಎಂದರು.