ಗಾಲಿ ತಿರುಗಿತು, ಗಾಡಿ ಹೋಯ್ತಾ?

ಆಗಸ್ಟ್ 6, 2025, ಬುಧವಾರ, ರಾತ್ರಿ 10.40

ಬೆಳಗ್ಗೆಯಿಂದ ಒಂದೇ ಸಮ ಮಳೆ. ಕರೆಂಟ್ ಮೂರು ಸಲ ಹೋಯಿತು. ಬಸ್ಸಿನ ಕಥೆ ಬೇಡ. ಮಧ್ಯಾಹ್ನ ರೋಬೋಟ್ ಲ್ಯಾಬಿನಲ್ಲಿ ಪಾಠ ಮಾಡುವಾಗ ಒಬ್ಬ ಹುಡುಗಿ ಕೇಳಿದ್ದು ತಲೆಯಿಂದ ಇಳಿಯುತ್ತಿಲ್ಲ, ಅದಕ್ಕೇ ಕೂತಿದ್ದೇನೆ.

ನಮ್ಮ ಲ್ಯಾಬಿನ ಹಣೆಬರಹ ನಿಮಗೆ ಗೊತ್ತೇ ಇದೆ. 58 ಮಕ್ಕಳು, ಎರಡು ರೋಬೋಟ್ ಕಿಟ್. ಹೋದ ವರ್ಷ ಯಾರೋ ಬ್ಯಾಟರಿ ವೈರ್ ಉಲ್ಟಾ ಕೊಟ್ಟು ಒಂದರ ಮೋಟಾರ್ ಡ್ರೈವರ್ (ಮೋಟಾರ್‌ಗೆ ಕರೆಂಟ್ ಕೊಡುವ ಬೋರ್ಡ್) ಸುಟ್ಟರು. ಉಳಿದ ಒಂದನ್ನು ಇನ್‌ಸ್ಟ್ರಕ್ಟರ್ ಸರ್ ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀ ಜೇಬಿಗೆ ಇಳಿಸಿದ್ದಾರೆ. ಹಾಗಾಗಿ ಈ ಸೆಮಿಸ್ಟರ್ ಪೂರ್ತಿ ವೆಬಾಟ್ಸ್. ಸ್ವಿಟ್ಜರ್ಲೆಂಡಿನವರು ಮಾಡಿದ ಸಿಮ್ಯುಲೇಟರ್, ಅಂದರೆ ರೋಬೋಟನ್ನು ಕಂಪ್ಯೂಟರ್ ಪರದೆಯೊಳಗೇ ಓಡಿಸುವ ಸಾಫ್ಟ್‌ವೇರ್; 2018ರ ಡಿಸೆಂಬರ್‌ನಿಂದ ಎಲ್ಲರಿಗೂ ಪುಕ್ಕಟೆ. ಅದರೊಳಗೆ ಓಡಾಡುವ ಇ-ಪಕ್ ಅಂಗೈ ಅಗಲದ ಪುಟ್ಟ ರೋಬೋಟ್. ಅಸಲಿ ಇ-ಪಕ್‌ನ ಮುಖ ನಾನೂ ನೋಡಿಲ್ಲ ಬಿಡಿ.

ಇವತ್ತಿನ ಪಾಠ ಸುಲಭದ್ದು. ರೋಬೋಟ್ ನೇರವಾಗಿ ಒಂದು ಮೀಟರ್ ಹೋಗಬೇಕು. ಗಾಲಿಯ ತ್ರಿಜ್ಯ 2.05 ಸೆಂ.ಮೀ., ಸುತ್ತಳತೆ ಸುಮಾರು 12.9 ಸೆಂ.ಮೀ. ಒಂದು ಮೀಟರ್‌ಗೆ ಎಷ್ಟು ಸುತ್ತು? ಏಳೂಮುಕ್ಕಾಲು. ಗಾಲಿಯ ಸೆನ್ಸರ್ ಅಷ್ಟು ಎಣಿಸಿದ ತಕ್ಷಣ ಮೋಟಾರ್ ನಿಲ್ಲಿಸಿ, ಮುಗೀತು. ಪೂರ್ತಿ ವೇಗದಲ್ಲಿ ಸೆಕೆಂಡಿಗೆ ಒಂದು ಸುತ್ತು, ಅಂದರೆ ಎಂಟು ಸೆಕೆಂಡಿನ ಕೆಲಸ. ನಮ್ಮ ಹಳೇ ಕಂಪ್ಯೂಟರ್‌ಗಳಲ್ಲಿ ಸಿಮ್ಯುಲೇಶನ್ 0.4 ಪಟ್ಟು ವೇಗದಲ್ಲಿ ತೆವಳುವುದರಿಂದ ಇಪ್ಪತ್ತು ಸೆಕೆಂಡ್. ಆದರೂ ನಿಂತಿತು ಗೆರೆಯ ಮೇಲೇ. ಎಲ್ಲರದ್ದೂ. ಚಪ್ಪಾಳೆ.

ಆ ಹುಡುಗಿಯೊಬ್ಬಳು ಮಾತ್ರ ಸ್ಕ್ರೀನ್ ನೋಡುತ್ತಾ ಸುಮ್ಮನೆ ಕೂತಿದ್ದಳು. ಎರಡು ದಿನ ಕ್ಲಾಸಿಗೆ ಬಂದಿರಲಿಲ್ಲ, ಮನೆಯಲ್ಲಿ ನಾಟಿ. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು.

"ಅರ್ಥ ಆಗ್ಲಿಲ್ವೇನೇ?" ಅಂದೆ.

"ಆಯ್ತು ಮೇಡಂ. ಆದ್ರೆ ಗಾಲಿ ತಿರುಗಿತು ಅಂದ್ರೆ ಗಾಡಿ ಮುಂದೆ ಹೋಯ್ತು ಅಂತ ಹೆಂಗೆ ಹೇಳೋದು?"

"ಮತ್ತೆ?"

"ನಿನ್ನೆ ಗದ್ದೇಲಿ ನಮ್ಮಪ್ಪನ ಟಿಲ್ಲರ್ ಹೂತ್ಕೊಂಡಿತ್ತು. ಚಕ್ರ ಗಿರ್ರಂತ ತಿರುಗ್ತಾನೇ ಇತ್ತು. ಟಿಲ್ಲರ್ ಅಲ್ಲೇ. ಅದಕ್ಕೆ ಈ ಸೆನ್ಸರ್ ಹಾಕಿದ್ರೆ ಒಂದು ಮೀಟರ್ ಬಂದೆ ಅಂತ ಸುಳ್ಳು ಹೇಳ್ತಿತ್ತಲ್ವಾ?"

ನನಗೆ ಎರಡು ಕ್ಷಣ ಮಾತೇ ಹೊರಡಲಿಲ್ಲ. ಗಾಲಿಯ ಸುತ್ತು ಎಣಿಸಿ ದೂರ ಲೆಕ್ಕ ಹಾಕುವುದಕ್ಕೆ ಓಡೋಮೆಟ್ರಿ ಅಂತ ದೊಡ್ಡ ಹೆಸರಿದೆ. ಅದರ ದೊಡ್ಡ ಹುಳುಕೂ ಇದೇ. ಗಾಲಿ ಜಾರಿದರೆ ಲೆಕ್ಕ ತಪ್ಪುತ್ತದೆ, ತಪ್ಪಿದ್ದು ಅದಕ್ಕೆ ಗೊತ್ತೂ ಆಗುವುದಿಲ್ಲ. ನಾನಿದನ್ನು ಮುಂದಿನ ತಿಂಗಳು ಪಿಪಿಟಿ ಹಾಕಿ ಹೇಳಬೇಕು ಅಂತಿದ್ದೆ. ಅವಳು ಗದ್ದೆಯ ಬದುವಿನ ಮೇಲೆ ನಿಂತು ನೋಡಿಕೊಂಡು ಬಂದಿದ್ದಾಳೆ.

"ಸರಿ, ಇಲ್ಲೂ ಕೆಸರು ಮಾಡೋಣ" ಅಂದೆ. ವೆಬಾಟ್ಸ್‌ನಲ್ಲಿ ನೆಲದ ಘರ್ಷಣೆಗೆ ಒಂದು ಅಂಕಿ ಇರುತ್ತದೆ, ಯಾರೂ ಮುಟ್ಟದಿದ್ದರೆ ಅದು 1. ಅದನ್ನು 0.05ಕ್ಕೆ ಇಳಿಸಿದೆವು. ನೆಲವನ್ನು ಐದು ಡಿಗ್ರಿ ಓರೆ ಮಾಡಿದೆವು. ಪ್ಲೇ ಒತ್ತಿದಳು. ಗಾಲಿ ತಿರುಗುತ್ತಲೇ ಇದೆ, ರೋಬೋಟ್ ಹಿಂದಕ್ಕೆ ಜಾರುತ್ತಲೇ ಇದೆ. ಕೊನೆಗೆ ಕೆಳಗಿನ ಗೋಡೆಗೆ ಒರಗಿಕೊಂಡು, ಪರದೆಯ ಮೇಲೆ ಗಂಭೀರವಾಗಿ ಬರೆಯಿತು: ಒಂದು ಮೀಟರ್ ತಲುಪಿದೆ.

ಇಡೀ ಲ್ಯಾಬ್ ಬಂದು ಅವಳ ಕುರ್ಚಿಯ ಹಿಂದೆ ನಿಂತಿತ್ತು. ನಕ್ಕಿದ್ದೇ ನಕ್ಕಿದ್ದು.

ಇದೇ ಹುಡುಗಿ ಹೋದ ವರ್ಷ ಕಿಟ್ ಹತ್ತಿರ ಬರುತ್ತಲೇ ಇರಲಿಲ್ಲ. "ಸುಟ್ಟರೆ ದುಡ್ಡು ಕಟ್ಟಬೇಕಾ ಮೇಡಂ" ಅಂತ ಕೇಳಿದ್ದಳು. ಇಲ್ಲಿ ರೋಬೋಟನ್ನು ನೂರು ಸಲ ಗೋಡೆಗೆ ಗುದ್ದಿಸಿ ನೂರು ಸಲ ರೀಸೆಟ್ ಒತ್ತುತ್ತಾಳೆ. ಅದಕ್ಕೊಂದಕ್ಕೇ ಈ ಸಿಮ್ಯುಲೇಟರ್‌ಗೆ ಕೈ ಮುಗಿಯಬೇಕು.

ಊಟ ಮಾಡುವಾಗ ಇವರಿಗೆ ಹೇಳಿದೆ. "ಅಂತೂ ವಿಡಿಯೋ ಗೇಮ್ ಟೀಚರಮ್ಮ ಆದೆ" ಅಂದರು. ತಮಾಷೆಗೇ ಅಂದಿದ್ದು. ಆದರೂ ಚುಚ್ಚಿತು. ಯಾಕೆಂದರೆ ಆ 0.05 ಬರೆದದ್ದು ನಾವು. ನಾವು ಬರೆಯದಿದ್ದರೆ ಅಲ್ಲಿ ಕೆಸರೇ ಇಲ್ಲ. ಗದ್ದೆಯಲ್ಲಿ ಯಾರೂ ಅಂಕಿ ಬರೆದಿರುವುದಿಲ್ಲ. ಅವಳಿಗೆ ಟಿಲ್ಲರ್ ಗೊತ್ತಿತ್ತು, ಅದಕ್ಕೆ ಅನುಮಾನ ಬಂತು. ಟಿಲ್ಲರ್ ಕಂಡೇ ಇರದ ಉಳಿದವರು? ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಿದ್ದರು. ನಾನೂ ಹೋಗುತ್ತಿದ್ದೆ, ಸತ್ಯ ಹೇಳಬೇಕು ಅಂದರೆ.

ಲ್ಯಾಬ್ ಬೀಗ ಹಾಕುವಾಗ ಅವಳು ವಾಪಸ್ ಬಂದಳು. "ಮೇಡಂ, ಶುಕ್ರವಾರ ಒಂದು ಟ್ರೇ ತುಂಬ ಗದ್ದೆ ಕೆಸರು ತರ್ಲಾ? ಬೀರುವಲ್ಲಿರೋದನ್ನ ಅದ್ರಲ್ಲಿ ಓಡಿಸೋಣ."

ಥಟ್ಟನೆ ಹೂಂ ಅಂದುಬಿಟ್ಟೆ. ಈಗ ಭಯ ಶುರುವಾಗಿದೆ. ಕೀ ಕೇಳಬೇಕು. ಯಾಕೆ ಅಂದರೆ ಏನು ಹೇಳುವುದು? ಕೆಸರಲ್ಲಿ ಹೂಳೋಕೆ ಸರ್ ಅನ್ನೋದಾ? ಮೋಟಾರ್‌ಗೆ ಹಾಲಿನ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ನೀರು ಒಳಗೆ ಹೋಗಲಿಕ್ಕಿಲ್ಲ, ಗಾಲಿಯ ಶಾಫ್ಟ್ ಹತ್ತಿರ ಮಾತ್ರ ಸ್ವಲ್ಪ ಗ್ರೀಸ್ ಹಚ್ಚಬೇಕು.