ಮುಳ್ಳೇರಿಯ ದಾರಿಯಲ್ಲಿ ಇಪ್ಪತ್ತು ರೂಪಾಯಿ ಸಾಲ

ಜನವರಿಯಲ್ಲಿ ಕಾಸರಗೋಡು ಕಡೆ ಹೋಗಿದ್ದೆ. ಕುಂಬಳೆಯಲ್ಲಿ ರೈಲು ಇಳಿದು, ಅನಂತಪುರದ ಕೆರೆ ದೇವಸ್ಥಾನ ನೋಡಿ, ಪೆರ್ಲದ ಗೆಳೆಯನ ಮನೆ ಸೇರುವುದು ಅಂತ ಲೆಕ್ಕ. ದೇವಸ್ಥಾನ ಚೆಂದ ಇದೆ. ಆ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರಲ್ಲೇ ತೀರಿಹೋಯಿತು, ಆದರೂ ಎಲ್ಲರ ಕಣ್ಣು ನೀರಿನ ಮೇಲೇ.

ಎಡವಟ್ಟಾದದ್ದು ಬದಿಯಡ್ಕದಲ್ಲಿ. ಬಸ್ಸಿನ ಬೋರ್ಡು ಮಲಯಾಳದಲ್ಲಿತ್ತು, ಕೇಳೋಕೆ ಸಂಕೋಚ, ಜನ ಹತ್ತಿದರು ಅಂತ ನಾನೂ ಹತ್ತಿದೆ. ಅದು ಪೆರ್ಲದ್ದಲ್ಲ, ಮುಳ್ಳೇರಿಯ ಬಸ್ಸು! ಟಿಕೆಟ್ ಕೊಡಲು ಬರುವ ಹೊತ್ತಿಗೆ ನಾಲ್ಕೈದು ಕಿಲೋಮೀಟರ್ ಬಂದಾಗಿತ್ತು. ಸುಮ್ನೆ ಕನ್ನಡದಲ್ಲೇ ಕೇಳಿ, ಕಂಡಕ್ಟರ್ ಕನ್ನಡದಲ್ಲೇ ಹೇಳ್ತಾರೆ. ನನ್ನ ಹಾಗೆ ಬಿಸಿಲಲ್ಲಿ ಇಳಿಯಬೇಡಿ.

ಇಳಿದಲ್ಲಿ ಒಂದೇ ಅಂಗಡಿ. ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ. ಎದುರಿನ ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅಕ್ಕ ಅಲ್ಲಿಂದಲೇ ಕೂಗಿದರು.

"ಅಣ್ಣ ಊಟಕ್ಕೆ ಹೋಗಿದ್ದಾರೆ. ಎಂತ ಬೇಕಿತ್ತು?"

"ಒಂದು ಸೋಡಾ."

"ತೆಗೊಳ್ಳಿ. ದುಡ್ಡು ಡಬ್ಬಕ್ಕೆ ಹಾಕಿ."

ನನ್ನ ಹತ್ತಿರ ಇದ್ದದ್ದು 500ರ ನೋಟು. ಸ್ಕ್ಯಾನ್ ಮಾಡೋಣ ಅಂದರೆ ನೆಟ್‌ವರ್ಕ್ ಇಲ್ಲ. ಆಗಲೇ ಅರ್ಧ ಸೋಡಾ ಕುಡಿದಾಗಿತ್ತು.

"ಇಪ್ಪತ್ತು ರೂಪಾಯಿ ಅಲ್ವಾ, ಇನ್ನೊಮ್ಮೆ ಬರುವಾಗ ಕೊಡಿ."

"ನಾನು ತುಮಕೂರಿನವನು ಅಕ್ಕ. ಇನ್ನೊಮ್ಮೆ ಯಾವಾಗಲೋ!"

"ಹಾಗಾದ್ರೆ ಬಸ್ಸಿನವರ ಹತ್ರ ಕಳಿಸಿ. ಅವರು ಔಷಧಿಯೂ ತರ್ತಾರೆ, ದುಡ್ಡೂ ತರ್ತಾರೆ."

ಅಂಗಳದ ತುಂಬ ಅಡಿಕೆ. ಚಾಲಿ, ಅಂದರೆ ಬಿಸಿಲಲ್ಲಿ ಒಣಗಿದ ಅಡಿಕೆ, ಆಗಲು ಒಂದೂವರೆ ತಿಂಗಳಾದರೂ ಒಣಗಬೇಕು, ಅಷ್ಟು ದಿನವೂ ಹೀಗೇ ಬಯಲಲ್ಲೇ ಬಿದ್ದಿರುತ್ತದೆ. ಯಾರೂ ಕದಿಯಲ್ವಾ ಅಂತ ಕೇಳಿಯೇಬಿಟ್ಟೆ.

"ಕದಿಯದೆ ಏನು? ಒಂದು ವರ್ಷ ಎರಡು ಗೋಣಿ ಹೋಯ್ತು. ಯಾರು ಅಂತಲೂ ಗೊತ್ತಾಯ್ತು."

"ಮತ್ತೆ?"

"ಮತ್ತೆಂತ, ಅವನ ಮಗಳ ಮದುವೆಗೆ ಹೋಗಿ ಬಂದೆವು. ಅವನೇ ಮುಖ ಎತ್ತಲಿಲ್ಲ."

ಹಳ್ಳಿಯವರು ಮುಗ್ಧರು ಅಂತ ಬರೆಯುವವರನ್ನು ಕಂಡರೆ ನನಗೆ ಆಗಲ್ಲ. ಈ ಅಕ್ಕ ಮುಗ್ಧೆಯೇನಲ್ಲ. ನಾನು ಯಾವ ಬಸ್ಸಿಂದ ಇಳಿದೆ, ಕಂಡಕ್ಟರ್ ಹತ್ತಿರ ಪೆರ್ಲದಲ್ಲಿ ಯಾರ ಮನೆ ಅಂತ ಹೇಳುತ್ತಿದ್ದೆ, ಎಲ್ಲಾ ಅಡಿಕೆ ಹರವುತ್ತಲೇ ಕೇಳಿಸಿಕೊಂಡಿದ್ದರು. ಅವರ ತಂಗಿಯನ್ನು ಕೊಟ್ಟದ್ದು ನನ್ನ ಗೆಳೆಯನ ಪಕ್ಕದ ಮನೆಗೇ ಅಂತೆ! ಓಡಿ ಹೋಗುವುದಾದರೂ ಎಲ್ಲಿಗೆ?

ಪೆರ್ಲದಲ್ಲಿ ಎರಡು ದಿನ ಇದ್ದೆ. ವಾಪಸ್ ಹೊರಟಾಗ ಬದಿಯಡ್ಕದಲ್ಲಿ ಮುಳ್ಳೇರಿಯ ಬಸ್ಸು ಹುಡುಕಿ, ಈ ಸಲ ಕೇಳಿಯೇ, ಕಂಡಕ್ಟರ್ ಕೈಗೆ ಇಪ್ಪತ್ತು ರೂಪಾಯಿ ಕೊಟ್ಟೆ.

"ಯಾವ ಅಂಗಡಿಗೆ?"

ಹೆಸರು ಕೇಳಿರಲೇ ಇಲ್ಲ. "ಎದುರಿಗೆ ಅಡಿಕೆ ಅಂಗಳ ಇದೆ ನೋಡಿ..."

"ಎಲ್ಲಾ ಕಡೆ ಅಡಿಕೆ ಅಂಗಳವೇ ಮಾರಾಯ್ರೇ!" ಅಂದವರು ನನ್ನ ಮುಖ ನೋಡಿ ನಕ್ಕರು. "ಹೋ, ಮೊನ್ನೆ ಬಸ್ಸು ತಪ್ಪಿ ಬಂದವರು ನೀವಾ?"

ನೋಟನ್ನು ಟಿಕೆಟ್ ಬ್ಯಾಗಿಗೆ ಹಾಕಲಿಲ್ಲ. ಬೇರೆಯಾಗಿ ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡು ಸೀಟಿ ಊದಿದರು.