ಟಾರ್ಟಾಯ್ಸ್ ಕೇಳುವ ಕೆಲಸ ಎಲ್ಲಿಗೆ ಬಂತು

ಟಾರ್ಟಾಯ್ಸ್ ಬ್ಯಾಂಡಿನ ಸಂಗೀತವನ್ನು ಕೂತು ಕೇಳುವ ನನ್ನ ಕೆಲಸ ನಿಂತಿಲ್ಲ, ನಿಧಾನಕ್ಕೆ ಸಾಗಿದೆ. ಕಲಬುರಗಿಯ ಬೇಸಿಗೆಯಲ್ಲಿ ಅದಕ್ಕಿಂತ ಜೋರಾಗಿ ಯಾವ ಕೆಲಸವೂ ಸಾಗಲ್ಲ ಬಿಡಿ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಟಾರ್ಟಾಯ್ಸ್ ಅಮೆರಿಕದ ಶಿಕಾಗೋದ ಬ್ಯಾಂಡು, ಶುರುವಾಗಿದ್ದು 1990ರಲ್ಲಿ. ಹಾಡುವವರು ಇಲ್ಲ ಅಂತಲೇ ಅನ್ನಬಹುದು. ರಾಕ್ ಅಂತಾರೆ, ಆದರೆ ಗಿಟಾರಿನ ಅಬ್ಬರ ಕಡಿಮೆ. ಡ್ರಮ್ಸ್ ಬಾರಿಸಬಲ್ಲವರೇ ಮೂವರು. ಒಮ್ಮೊಮ್ಮೆ ಕೆಳಗಿನ ಸ್ವರದ ಬೇಸ್ ಗಿಟಾರೂ ಎರಡೆರಡು. ಜೊತೆಗೆ ಲೋಹದ ಪಟ್ಟಿಗಳ ವೈಬ್ರಾಫೋನ್, ಮರದ ಪಟ್ಟಿಗಳ ಮರಿಂಬಾ. ಇದಕ್ಕೆ ಪೋಸ್ಟ್‌ರಾಕ್ ಅಂತ ಹೆಸರಿಟ್ಟಿದ್ದಾರೆ. ಆ ಹೆಸರು ಕೇಳಿ ಯಾರಿಗೂ ಏನೂ ತಿಳಿಯಲ್ಲ, ಹಾಗಾಗಿ ಮುಂದೆ ಹೋಗೋಣ.

ನಾನು ಹಿಡಿದುಕೊಂಡಿರುವುದು ಅವರ 1996ರ ಆಲ್ಬಮ್ಮಿನ ಮೊದಲ ಟ್ರ್ಯಾಕ್, 'ಜೆಡ್'. ಹತ್ತಿರ ಹತ್ತಿರ 21 ನಿಮಿಷ. ಮೊದಮೊದಲು ಮೊಬೈಲಿನಲ್ಲೇ ಹಾಕಿ ಕೇಳುತ್ತಿದ್ದೆ. ಏನೋ ಟಕಟಕ ಸದ್ದು, ಅಷ್ಟೇ. ಸೂಪರ್ ಮಾರ್ಕೆಟ್ಟಿನಲ್ಲಿ ವೈರಿನ ಹೆಡ್‌ಫೋನ್ ತಗೊಂಡ ಮೇಲೆ ಕಥೆಯೇ ಬದಲಾಯಿತು. ಬೇಸ್ ಗಿಟಾರಿನ ದಪ್ಪ ತಂತಿಯನ್ನು ಹಾಗೇ ಮೀಟಿದರೆ 41 ಹರ್ಟ್ಜ್ ಹತ್ತಿರದ ಸ್ವರ ಬರುತ್ತದೆ. ಅಷ್ಟು ಕೆಳಗಿನ ಸದ್ದು ಹೊರಡಿಸಲು ಗಾಳಿಯನ್ನು ಚೆನ್ನಾಗಿ ತಳ್ಳಬೇಕು. ಮೊಬೈಲಿನ ಚಿಕ್ಕ ಸ್ಪೀಕರಿಗೆ ಆ ತಾಕತ್ತು ಇಲ್ಲ. ಈ ಬ್ಯಾಂಡಿನಲ್ಲೋ ಎಷ್ಟೋ ಕಡೆ ಟ್ಯೂನ್ ಹೊತ್ತು ನಡೆಯುವುದೇ ಬೇಸ್! ಅದಿಲ್ಲದೆ ಉಳಿಯುವುದು ಮೇಲಿನ ಕೆನೆ ಮಾತ್ರ. ಇನ್ನೊಂದು ಕಾಟ ಕೂಲರಿನದು. ಅದರ ಗುಂಯ್ ಸದ್ದೂ ಕೆಳಗಿನದೇ, ಬೇಸನ್ನು ನುಂಗಿಬಿಡುತ್ತದೆ. ಆದ್ದರಿಂದ ಈಗ ಬೆಳಿಗ್ಗೆ, ಕೂಲರ್ ಚಾಲೂ ಮಾಡುವ ಮುಂಚೆ, ಶಹಾಬಾದ್ ಕಲ್ಲಿನ ನೆಲದ ಮೇಲೆ ಮಲಗಿ ಕೇಳುತ್ತೇನೆ.

ಯಾವ ವಾದ್ಯ ಯಾವಾಗ ಬರುತ್ತದೆ ಅಂತ ಗುರುತಿಸುವ ನಕ್ಷೆಯ ಕೆಲಸವೂ ನಡೆದಿದೆ. ಬೇಳೆ ಮಿಲ್ಲಿನವರು ಕೊಟ್ಟ ಹಳೆ ಕ್ಯಾಲೆಂಡರಿನ ಹಾಳೆ ತಿರುಗಿಸಿ, ಅಡ್ಡಕ್ಕೆ ನಿಮಿಷ ಗುರುತು ಹಾಕಿದೆ. ಬೇಸ್ ಗಿಟಾರಿಗೆ ನೀಲಿ ಗೆರೆ, ಡ್ರಮ್ಸಿಗೆ ಕಪ್ಪು, ವೈಬ್ರಾಫೋನ್ ಮತ್ತು ಮರಿಂಬಾಕ್ಕೆ ಕೆಂಪು. ಯಾವುದು ಅಂತ ತಿಳಿಯದ ಸದ್ದಿಗೆ ಪೆನ್ಸಿಲ್. ಸದ್ಯಕ್ಕೆ ಪೆನ್ಸಿಲ್ಲೇ ಜಾಸ್ತಿ. ಒಂದು ಸಲಕ್ಕೆ ಒಂದೇ ವಾದ್ಯದ ಬೆನ್ನು ಹತ್ತುವುದು ಅಂತ ನಿಯಮ ಮಾಡಿಕೊಂಡಿದ್ದೇನೆ. ಹಾಗೆ ಮಾಡಿದಾಗ ಗೊತ್ತಾಗಿದ್ದು, ಇಲ್ಲಿ ಮುಖ್ಯ ವಾದ್ಯ ಅಂತ ಒಂದು ಇಲ್ಲವೇ ಇಲ್ಲ. ಒಂದು ಹಿಂದೆ ಸರಿದರೆ ಇನ್ನೊಂದು ಸದ್ದಿಲ್ಲದೆ ಮುಂದೆ ಬಂದಿರುತ್ತದೆ. ಬಂದೇ ನವಾಜ್ ಉರುಸಿನ ಕವ್ವಾಲಿಯಲ್ಲಿ ಒಂದೇ ಸಾಲು ಸುತ್ತಿ ಸುತ್ತಿ ಬರುತ್ತಾ ಪ್ರತಿ ಸುತ್ತಿಗೂ ಚೂರು ಬೇರೆಯಾಗುತ್ತದಲ್ವಾ? ಅದನ್ನು ಕೇಳಿ ಬೆಳೆದ ಕಿವಿಗೆ ಇದು ಅಷ್ಟೇನೂ ದೂರದ್ದಲ್ಲ.

ಟ್ರ್ಯಾಕಿನ ನಡುವೆ ಒಂದು ಕಡೆ ಸಂಗೀತ ಹರಿದು ಚಿಂದಿಯಾಗುತ್ತದೆ. ಟೇಪ್ ಸಿಕ್ಕಿಕೊಂಡ ಹಾಗೆ ಚರಚರ, ತುಂಡುತುಂಡು. ಅವರು ಬೇಕಂತಲೇ ಮಾಡಿದ್ದು. ನನ್ನ ತಂಗಿ ಕೇಳಲು ಕೂತವಳು ಅಲ್ಲಿಗೆ ಬಂದಾಗ ಹೆಡ್‌ಫೋನ್ ಪಿನ್ ಕಿತ್ತು, ಊದಿ, ಮತ್ತೆ ಚುಚ್ಚಿದಳು. "ಅಣ್ಣಾ, ಇದು ಕೆಟ್ಟದ ನೋಡು" ಅಂದಳು. ನಕ್ಷೆಯಲ್ಲಿ ಆ ಜಾಗಕ್ಕೆ ಸುಮ್ನೆ ಗೀಚಿಬಿಟ್ಟಿದ್ದೇನೆ. ಈಗ ನಾನು ಕಾಯುವುದೇ ಆ ಜಾಗಕ್ಕೆ.

ಅವ್ವನದು ಬೇರೆ ಲೆಕ್ಕ. ಜೋಳ ಹಸನು ಮಾಡುತ್ತಾ ಸ್ವಲ್ಪ ಹೊತ್ತು ಕೇಳಿ, "ಹಾಡು ಯಾವಾಗ ಚಾಲೂ ಆಗ್ತದೋ?" ಅಂದಳು. ಹಾಡು ಇಲ್ಲ ಅಂದೆ. "ಆಯ್ತು ತಗಿ, ಆ ಟಣ್ ಟಣ್ ಅನ್ನೋದು ಛಲೋ ಅದ, ಅದನ್ನೇ ಹಚ್ಚು." ವೈಬ್ರಾಫೋನಿಗೆ ಮನೆಯಲ್ಲಿ ಒಂದು ಓಟು ಬಿತ್ತು.

ಮುಂದಿನದು 1998ರ 'ಟಿಎನ್‌ಟಿ'. ಗಿಟಾರಿನ ಜೆಫ್ ಪಾರ್ಕರ್ ಜಾಝ್ ಕಡೆಯವರು, ಅವರು ಸೇರಿದ ಆಲ್ಬಮ್ ಇದು. ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ, ಕತ್ತರಿಸಿ ಜೋಡಿಸಿದ್ದು. ಮೊದಲ ಟ್ರ್ಯಾಕಿನಲ್ಲಿ ಡ್ರಮ್ಸ್ ಒಂದೇ ಅಡ್ಡಾಡುತ್ತಿರುತ್ತದೆ, ಗಿಟಾರ್ ಆಮೇಲೆ ಬರುತ್ತದೆ. ಇದು ಕೇಳಿದ ಕೂಡಲೇ ಹಿಡಿಸಿತು. 2001ರ 'ಸ್ಟ್ಯಾಂಡರ್ಡ್ಸ್' ಮಾತ್ರ ಇನ್ನೂ ಒಗ್ಗಿಲ್ಲ. ಶುರುವಿನಲ್ಲೇ ಆ ಪರಿ ಗದ್ದಲ ಯಾಕೆ ಬೇಕಿತ್ತೋ! ಮಳೆಗಾಲ ಬಂದು ಕೂಲರ್ ಮೂಲೆ ಸೇರಲಿ, ಆಗ ಇನ್ನೊಂದು ಸಲ ನೋಡುತ್ತೇನೆ.